ಯಲಹಂಕ ನಾಡಿನ ನೆಲ, ನೀರು, ಹವೆ

ಲೋಕದ ದೊಡ್ಡ ಪಟ್ಟಣಗಳ ಚರಿತ್ರೆಯನ್ನು ಓದುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುತ್ತದೆ. ಅವುಗಳಲ್ಲಿ ಬಹುಪಾಲು ನದೀತೀರದಲ್ಲಿ ಹುಟ್ಟಿ ಬೆಳೆದವು. ಕಾಶಿಗೆ ಗಂಗೆ, ಲಂಡನ್ನಿಗೆ ಥೇಮ್ಸ್, ಪ್ಯಾರಿಸ್ಸಿಗೆ ಸೇನ್. ನಮ್ಮ ನಾಡಿನಲ್ಲಿಯೂ ಹಂಪೆಗೆ ತುಂಗಭದ್ರೆಯೂ ಶ್ರೀರಂಗಪಟ್ಟಣಕ್ಕೆ ಕಾವೇರಿಯೂ ನೀರನ್ನು ಕೊಟ್ಟು ಕೋಟೆಯನ್ನೂ ಕಾಯ್ದುವು. ಹೀಗಿರಲು, ಕೋಟಿಗೂ ಮೀರಿ ಜನ ವಾಸಿಸುವ ಬೆಂಗಳೂರಿಗೆ ಮಾತ್ರ ಹೇಳಿಕೊಳ್ಳುವಂಥ ನದಿಯೊಂದು ಇಲ್ಲವೇಕೆ ಎಂದು ಕಾಲೇಜಿನ ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ಪ್ರಶ್ನೆ ಚಿಕ್ಕದಾದರೂ ಉತ್ತರ ಅಷ್ಟು ಚಿಕ್ಕದಲ್ಲ. ನಗರದ ಉತ್ತರ ಭಾಗವಾದ ಯಲಹಂಕ, ಹೆಬ್ಬಾಳ, ಯಶವಂತಪುರಗಳ ನೆಲವನ್ನು ಕೊಂಚ ಗಮನವಿಟ್ಟು ನೋಡಿದವರಿಗೆ ಅದು ದೊರೆಯುತ್ತದೆ. ಆ ನೆಲದ ಇತಿಹಾಸವೇ ಈ ಭಾಷಣದ ವಿಷಯ.

ಹೋಲಿಕೆಯ ಸೌಕರ್ಯಕ್ಕಾಗಿ ಮೊದಲು ಫ್ರಾನ್ಸ್ ದೇಶದ ಲಿಯೋನ್ ನಗರವನ್ನು ನೆನೆಯೋಣ. ಕ್ರಿಸ್ತಪೂರ್ವ ೪೩ರಲ್ಲಿ ರೋಮನರು ಲುಗ್ಡುನುಮ್ ಎಂಬ ಹೆಸರಿನಿಂದ ಇದನ್ನು ಸ್ಥಾಪಿಸಿದರು. ಆಲ್ಪ್ಸ್ ಪರ್ವತಗಳಿಂದ ಇಳಿದುಬರುವ ರೋನ್ ನದಿಗೆ ಉತ್ತರದಿಂದ ಬರುವ ಸೋನ್ ನದಿ ಕೂಡುವ ಸ್ಥಳವಿದು. ಊರಿನ ತಗ್ಗಿನ ಭಾಗ ಸಮುದ್ರಮಟ್ಟದಿಂದ ಸುಮಾರು ೧೭೦ ಮೀಟರು ಮಾತ್ರ ಎತ್ತರದಲ್ಲಿರುವುದು. ಅಲ್ಲಿ ವರ್ಷಕ್ಕೆ ೮೦೦ ಮಿಲಿಮೀಟರಿಗಿಂತ ತುಸು ಹೆಚ್ಚು ಮಳೆಯಾಗುತ್ತದೆ. ಅದೂ ಹನ್ನೆರಡು ತಿಂಗಳುಗಳಲ್ಲಿ ಹಂಚಿ ಬೀಳುತ್ತದೆ. ನಮ್ಮ ಬೆಂಗಳೂರಿನಲ್ಲಿ ಬೀಳುವುದಾದರೋ ಸುಮಾರು ೯೭೦ ಮಿಲಿಮೀಟರು. ಆಕಾಶದಿಂದ ಬೀಳುವ ನೀರನ್ನಷ್ಟೆ ಅಳೆಯುವುದಾದರೆ ಭಾಗ್ಯಶಾಲಿ ಲಿಯೋನ್ ಅಲ್ಲ, ಬೆಂಗಳೂರು! ಆದರೆ ಲಿಯೋನಿನ ಬಾಗಿಲಿಗೆ ದೂರದ ಹಿಮಪರ್ವತಗಳ ನೀರು ಬೇಸಗೆಯಲ್ಲಿಯೂ ಕರಗಿ ಹರಿದುಬರುತ್ತದೆ. ಬೇರೆಯ ದೇಶದಲ್ಲಿ ಬಿದ್ದ ಹಿಮವನ್ನು ನದಿ ಆ ಊರಿಗೆ ತಂದೊಪ್ಪಿಸುತ್ತದೆ.

ನದಿಯ ಕೃಪೆ ಸದಾ ಒಂದೇ ಸಮನಾಗಿರುವುದೂ ಇಲ್ಲ. ೧೮೫೬ರ ಮೇ ತಿಂಗಳ ಕೊನೆಯಲ್ಲಿ ರೋನ್ ನದಿ ಉಕ್ಕಿ ಊರಿನ ತಗ್ಗುಪ್ರದೇಶವನ್ನು ಹಾಳುಗೆಡವಿತು. ಮತ್ತೊಂದು ವಿಚಿತ್ರವೆಂದರೆ, ರೋಮನರ ಕಾಲದ ಊರು ಇದ್ದುದು ಫೂರ್ವಿಯೇರ್ ಎಂಬ ಗುಡ್ಡದ ಮೇಲೆ. ಕೆಳಗೆ ಎರಡು ನದಿಗಳು ಹರಿಯುತ್ತಿದ್ದರೂ ಗುಡ್ಡದ ಮೇಲಿನವರಿಗೆ ಅವುಗಳ ನೀರು ಎಟುಕಲಿಲ್ಲ. ಆದಕಾರಣ ದೂರದ ಬೆಟ್ಟಗಳಿಂದ ನಾಲ್ಕು ಕಾಲುವೆಗಳನ್ನು ಕಟ್ಟಿ ತರಬೇಕಾಯಿತು. ಅವುಗಳಲ್ಲಿ ಅತಿ ದೀರ್ಘವಾದುದು ಸುಮಾರು ೮೫ ಕಿಲೋಮೀಟರು. ಎತ್ತರದಲ್ಲಿ ಮನೆ ಮಾಡಿದವನು ನೀರಿನ ಚಿಂತೆಯನ್ನೂ ತಲೆಯ ಮೇಲೆ ಹೊರಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ನಮ್ಮ ನಗರವಾದರೋ ಇಡಿಯಾಗಿ ಎತ್ತರದಲ್ಲಿಯೇ ಕುಳಿತಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು ೯೨೦ ಮೀಟರು. ಈಶಾನ್ಯದ ಕಡೆಯಿಂದ ನೈರುತ್ಯದ ಕಡೆಗೆ ನೆಲದ ದಿಣ್ಣೆಯೊಂದು ಎತ್ತಿನ ಬೆನ್ನಿನಂತೆ ಊರಿನ ನಡುವೆ ಹಾದುಹೋಗಿದೆ. ಇದರ ಅತ್ಯುನ್ನತ ಸ್ಥಾನ ಯಲಹಂಕಕ್ಕೆ ಸಮೀಪದ ದೊಡ್ಡಬೆಟ್ಟಹಳ್ಳಿ. ಅಲ್ಲಿಯ ಎತ್ತರ ೯೬೨ ಮೀಟರು. ಈ ದಿಣ್ಣೆಯೇ ನೀರನ್ನು ಇಬ್ಭಾಗ ಮಾಡುವ ಗಡಿ. ಇದರ ಪೂರ್ವಕ್ಕೆ ಬಿದ್ದ ಹನಿ ಹೆಬ್ಬಾಳದ ಕಣಿವೆಯಲ್ಲಿಳಿದು ದಕ್ಷಿಣ ಪಿನಾಕಿನಿಯನ್ನು ಸೇರಿ, ತಮಿಳುನಾಡಿನ ಕಡಲೂರಿನ ಬಳಿ ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದ ಹನಿ ಅರ್ಕಾವತಿಯ ದಾರಿ ಹಿಡಿದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಒಂದೇ ಮೋಡದ ಮಳೆ, ಒಂದೇ ಊರಿನ ನೆಲ. ಆದರೂ ಕೆಲವೇ ಮೈಲಿಗಳ ಅಂತರದಲ್ಲಿ ಎರಡು ನದಿಗಳ ಪಾಲಾಗುತ್ತದೆ.

ಅರ್ಕಾವತಿಯೂ ದಕ್ಷಿಣ ಪಿನಾಕಿನಿಯೂ ಹುಟ್ಟುವುದು ಯಲಹಂಕಕ್ಕೆ ಉತ್ತರದ ನಂದಿಬೆಟ್ಟದ ಸಾಲಿನಲ್ಲಿ. ೧,೪೭೮ ಮೀಟರು ಎತ್ತರದ ನಂದಿಯಿಂದ ಹೊರಟ ಈ ತೊರೆಗಳು ನಮ್ಮ ನಗರದ ಎರಡು ಮಗ್ಗುಲುಗಳಲ್ಲಿ ಎಳೆಯವಾಗಿಯೇ ದಾಟಿಹೋಗುತ್ತವೆ. ತುಂಬಿದ ಹೊಳೆಗಳಾಗುವುದು ನಮ್ಮಿಂದ ದೂರ ಹೋದ ಮೇಲೆ. ಬೆಂಗಳೂರಿನಲ್ಲಿ ನದಿ ಏಕಿಲ್ಲ ಎಂಬುದಕ್ಕೆ ಉತ್ತರ ಇದೇ: ನಾವು ಇರುವುದು ನದಿಗಳು ಹುಟ್ಟುವ ನೆತ್ತಿಯ ಮೇಲೆ.

ಇನ್ನು ಹವೆಯ ವಿಚಾರ. ಸಮಭಾಜಕ ವೃತ್ತದಿಂದ ಉತ್ತರಕ್ಕೆ ಹದಿಮೂರು ಡಿಗ್ರಿ ದೂರದಲ್ಲಿರುವ ಊರು ನ್ಯಾಯವಾಗಿ ಸುಡಬೇಕು. ಅದೇ ಅಕ್ಷಾಂಶದಲ್ಲಿರುವ ಚೆನ್ನೈಯ ಬೇಸಗೆಯನ್ನು ಅನುಭವಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದು ಸಾವಿರ ಮೀಟರು ಮೇಲೇರಿದರೆ ಸುಮಾರು ಆರು ಡಿಗ್ರಿಯಷ್ಟು ಶಾಖ ಇಳಿಯುತ್ತದೆಯಾದ ಕಾರಣ ಎತ್ತರವೇ ನಮ್ಮನ್ನು ಕಾಪಾಡಿದೆ. ಶ್ರೀರಂಗಪಟ್ಟಣದ ಮಲೇರಿಯ ಜ್ವರಕ್ಕೆ ಬೇಸತ್ತ ಬ್ರಿಟಿಷರು ೧೮೦೯ರಲ್ಲಿ ತಮ್ಮ ದಂಡನ್ನು ಇಲ್ಲಿಗೆ ಸಾಗಿಸಿದುದಕ್ಕೂ ಈ ಹವೆಯೇ ಕಾರಣ. ಇಲ್ಲಿ ದಾಖಲೆಯಾಗಿರುವ ಅತಿ ಕಡಿಮೆ ಶಾಖ ೧೮೮೪ರ ಜನವರಿ ೧೩ರಂದು ೭.೮ ಡಿಗ್ರಿ ಸೆಲ್ಸಿಯಸ್. ಅತಿ ಹೆಚ್ಚಿನದು ೨೦೧೬ರ ಏಪ್ರಿಲ್ ೨೪ರಂದು ೩೯.೨ ಡಿಗ್ರಿ.

ಮಳೆಯ ಕ್ರಮವೂ ವಿಶಿಷ್ಟವಾದುದು. ಪಡುವಣ ಕಡಲಿನಿಂದ ಬರುವ ಮುಂಗಾರು ತನ್ನ ಭಾರವನ್ನೆಲ್ಲ ಸಹ್ಯಾದ್ರಿಯ ಮೇಲೆ ಇಳಿಸಿ, ನಮ್ಮಲ್ಲಿಗೆ ಬರುವ ಹೊತ್ತಿಗೆ ಸೋನೆಯಾಗಿ ಉಳಿಯುತ್ತದೆ. ವೈಶಾಖದ ಗುಡುಗು ಮಳೆ ಒಂದು ಪಾಲು. ಬಳಿಕ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಸುರಿಯುವ ದೊಡ್ಡ ಮಳೆ ಇನ್ನೊಂದು ಪಾಲು. ಡಿಸೆಂಬರಿನಿಂದ ಮಾರ್ಚಿಯವರೆಗೆ ಆಕಾಶ ಬಹುಮಟ್ಟಿಗೆ ಬರಿದು. ನೆಲದಡಿಯಲ್ಲಿರುವುದಾದರೋ ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದಾದ ಗಡಸು ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ ಇಂಗುತ್ತದೆ. ಆದುದರಿಂದ ಈ ನಾಡಿನಲ್ಲಿ ಬದುಕಬೇಕೆನ್ನುವವನ ಮುಂದೆ ಮೊದಲಿನಿಂದಲೂ ಒಂದೇ ಪ್ರಶ್ನೆ: ಕೆಲವು ವಾರಗಳಲ್ಲಿ ಸುರಿದು ಎರಡೂ ಕಡೆಗೆ ಓಡಿಹೋಗುವ ನೀರನ್ನು ವರ್ಷವೆಲ್ಲ ನಿಲ್ಲಿಸಿಕೊಳ್ಳುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಕಂಡುಕೊಂಡವರು ಇಲ್ಲಿ ಬಹು ಹಿಂದಿನಿಂದ ನೆಲಸಿದ್ದರು. ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ವೀರಗಲ್ಲೊಂದು ಗಂಗರಾಜ ಶ್ರೀಪುರುಷನ ಕಾಲದ್ದು, ಅಂದರೆ ಕ್ರಿಸ್ತಶಕ ೭೫೦ರ ಸುಮಾರಿನದು. ಹೋರಾಡಿ ಮಡಿದ ಕಿಟ್ಟಯ್ಯನೆಂಬ ವೀರನನ್ನು ಅದು ಸ್ಮರಿಸುತ್ತದೆ. ನಗರದೊಳಗೆ ದೊರೆತ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಪ್ರಾಚೀನವೆಂದು ವಿದ್ವಾಂಸರು ಎಣಿಸಿದ್ದಾರೆ. ಯಲಹಂಕವು ಚೋಳರ ಕಾಲದ ತಮಿಳು ಶಾಸನಗಳಲ್ಲಿ ಇಲೈಪ್ಪಾಕ್ಕ ನಾಡೆಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಮುಂದೆ ವಿಜಯನಗರದ ಅರಸರ ಕಾಲದಲ್ಲಿ ಯಲಹಂಕ ನಾಡಪ್ರಭುಗಳು ಇಲ್ಲಿ ಆಳಿದರು. ಆ ವಂಶದ ಕೆಂಪೇಗೌಡನು ೧೫೩೭ರಲ್ಲಿ ಬೆಂಗಳೂರಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದನೆಂಬುದು ಎಲ್ಲರಿಗೂ ತಿಳಿದ ಸಂಗತಿ. ಕೋಟೆಯ ಜೊತೆಗೆ ಕೆರೆಗಳನ್ನೂ ಕಟ್ಟಿಸಿದುದು ಅಷ್ಟೇ ಮುಖ್ಯವಾದ ಸಂಗತಿ. ಹೆಬ್ಬಾಳದ ಕೆರೆಯೂ ಆತನದೇ ಎಂಬ ಪ್ರತೀತಿಯುಂಟು.

ಕೆರೆಯೆಂದರೆ ಒಂಟಿ ಹೊಂಡವಲ್ಲ. ಕಣಿವೆಗೆ ಅಡ್ಡಲಾಗಿ ಏರಿ ಹಾಕಿದರೆ ಮೇಲಿನ ನೀರು ನಿಲ್ಲುತ್ತದೆ. ತೂಬಿನ ಮೂಲಕ ಅದು ಅಚ್ಚುಕಟ್ಟಿನ ಗದ್ದೆಗೆ ಹೋಗುತ್ತದೆ. ಹೆಚ್ಚಾದುದು ಕೋಡಿ ಬಿದ್ದು ಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಯನ್ನು ತುಂಬಿಸುತ್ತದೆ. ಯಲಹಂಕದ ಕೆರೆಯ ಕೋಡಿ ಜಕ್ಕೂರಿಗೆ, ಜಕ್ಕೂರಿನದು ರಾಚೇನಹಳ್ಳಿಗೆ. ಇತ್ತ ಹೆಬ್ಬಾಳದ್ದು ನಾಗವಾರಕ್ಕೆ. ಎಲ್ಲವೂ ಕೂಡಿ ಕೆಳಗೆ ಎಲೆ ಮಲ್ಲಪ್ಪಶೆಟ್ಟಿ ಕೆರೆಯತ್ತ, ಅಲ್ಲಿಂದ ಪಿನಾಕಿನಿಯತ್ತ. ಕೆರೆಯಲ್ಲಿ ನೀರು ನಿಂತರೆ ಸುತ್ತಲಿನ ಬಾವಿಗಳಲ್ಲಿ ಊಟೆ ಏಳುತ್ತಿತ್ತು. ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿಯಿದ್ದನು. ಕೆರೆಯನ್ನು ಕಟ್ಟಿಸಿದವರಿಗೆ ಕಟ್ಟುಕೊಡಗೆಯೆಂದು ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇತ್ತು. ಲಿಯೋನಿನವರಿಗೆ ಪ್ರಕೃತಿ ಕೊಟ್ಟ ನದಿಯನ್ನು ನಮ್ಮ ಪೂರ್ವಿಕರು ಗುದ್ದಲಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ತಾವೇ ಕಟ್ಟಿಕೊಂಡರೆಂದರೆ ಅತಿಶಯೋಕ್ತಿಯಾಗದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ವ್ಯವಸ್ಥೆಗೆ ತಿರುವು ಬಂದಿತು. ೧೮೭೬-೭೮ರ ಘೋರ ಕ್ಷಾಮ ಊರಿನ ಕೆರೆಗಳು ಸಾಲವೆಂಬುದನ್ನು ತೋರಿಸಿತು. ೧೮೮೨ರಲ್ಲಿ ಸ್ಯಾಂಕಿ ಕೆರೆಯಾಯಿತು. ಬಳಿಕ ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ ಯಲಹಂಕಕ್ಕೆ ಪಶ್ಚಿಮದ ಹೆಸರಘಟ್ಟದಲ್ಲಿ ಅರ್ಕಾವತಿಯ ನೀರನ್ನು ಸಂಗ್ರಹಿಸಿ, ೧೮೯೬ರಿಂದ ನಗರಕ್ಕೆ ನಲ್ಲಿಯ ನೀರನ್ನು ಒದಗಿಸಲಾಯಿತು. ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಯವರೆಗೆ ತಾನಾಗಿ ಹರಿದು, ಅಲ್ಲಿಂದ ಯಂತ್ರಬಲದಿಂದ ಮೇಲೇರಿ ಊರನ್ನು ಸೇರುತ್ತಿತ್ತು. ೧೯೨೦ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಸೊರಗಿದಾಗ ಮತ್ತಷ್ಟು ದೂರದ ತಿಪ್ಪಗೊಂಡನಹಳ್ಳಿಯಲ್ಲಿ ಅಣೆಕಟ್ಟನ್ನು ಕಟ್ಟಿದರು. ಅದು ಮುಗಿದುದು ೧೯೩೩ರಲ್ಲಿ. ೧೯೭೪ರಲ್ಲಿ ಕಾವೇರಿ ಬಂದಳು: ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಹಂತವು ನಗರಕ್ಕೆ ಸೇರಿಸಿಕೊಂಡ ೧೧೦ ಹಳ್ಳಿಗಳಿಗಾಗಿ ದಿನಕ್ಕೆ ೭೭.೫ ಕೋಟಿ ಲೀಟರು ನೀರನ್ನು ತರಲು ಏರ್ಪಟ್ಟಿದೆ.

ಇದನ್ನು ತಪ್ಪೆನ್ನುವಂತಿಲ್ಲ. ಇಷ್ಟು ಜನರ ಬಾಯಾರಿಕೆಯನ್ನು ಊರಕೆರೆಗಳು ತಣಿಸಲಾರವು. ಆದರೆ ನೀರು ದೂರದಿಂದ ಬರತೊಡಗಿದ ಮೇಲೆ ಹತ್ತಿರದ ಕೆರೆ ಜನರ ಕಣ್ಣಿಗೆ ಬರಿಯ ಖಾಲಿ ನಿವೇಶನವಾಗಿ ಕಾಣತೊಡಗಿತು. ಕೆಂಪೇಗೌಡನ ಕಾಲದ್ದೆನ್ನುವ ಧರ್ಮಾಂಬುಧಿಯ ಸ್ಥಳದಲ್ಲಿ ಇಂದು ಬಸ್ಸು ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಯಶವಂತಪುರದ ಮಗ್ಗುಲಿನ ಮತ್ತಿಕೆರೆಯ ಕೆರೆ ಉದ್ಯಾನವಾಯಿತು. ೧೯೮೫ರಲ್ಲಿ ಸರ್ಕಾರ ನೇಮಿಸಿದ ಲಕ್ಷ್ಮಣರಾವ್ ಸಮಿತಿ ಉಳಿದ ಕೆರೆಗಳನ್ನು ಕಾಪಾಡಬೇಕೆಂದು ಶಿಫಾರಸು ಮಾಡಿತು. ಆದರೂ ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಗಳು ಅನೇಕ ಕಡೆಗಳಲ್ಲಿ ಇಕ್ಕಟ್ಟಾದುವು, ಕೆಲವು ಕಡೆ ಮಾಯವೇ ಆದುವು. ರೋನ್ ನದಿಯನ್ನು ಮುಚ್ಚಿ ಮನೆ ಕಟ್ಟೋಣವೆಂದು ಲಿಯೋನಿನಲ್ಲಿ ಯಾರೂ ಹೇಳಲಾರರು. ನಮ್ಮ ನದಿ ತುಂಡುತುಂಡಾಗಿ ಇದ್ದುದರಿಂದ ಅದನ್ನು ತುಂಡುತುಂಡಾಗಿ ಕಳೆದುಕೊಳ್ಳುವುದು ಸುಲಭವಾಯಿತು.

ಇದರ ಫಲವನ್ನು ಕಾಣಲು ಒಂದೇ ವರ್ಷ ಸಾಕು. ೨೦೨೪ರ ಬೇಸಗೆಯಲ್ಲಿ ನಗರದ ಸರ್ಕಾರೀ ಕೊಳವೆಬಾವಿಗಳಲ್ಲಿ ಸುಮಾರು ಅರ್ಧದಷ್ಟು ಬತ್ತಿದುವು. ಜನ ಟ್ಯಾಂಕರಿನ ಹಾದಿ ಕಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಯಲಹಂಕದ ಕೆರೆ ಉಕ್ಕಿ, ಸಮೀಪದ ಕೇಂದ್ರೀಯ ವಿಹಾರವೆಂಬ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಗಳಲ್ಲಿ ಹೊರಗೆ ಕರೆತರಬೇಕಾಯಿತು. ೨೦೨೧ರ ನವೆಂಬರಿನಲ್ಲಿಯೂ ಅಲ್ಲಿ ಹೀಗೆಯೇ ಆಗಿತ್ತು. ಸಮುದ್ರಮಟ್ಟದಿಂದ ಒಂಬೈನೂರು ಮೀಟರು ಮೇಲೆ, ನದಿಯೇ ಇಲ್ಲದ ಕಡೆ ನೆರೆ! ಭೂಗೋಳವನ್ನು ಬಲ್ಲವನಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಳೆಯ ನೀರು ಹಳೆಯ ದಾರಿಯನ್ನೇ ಹಿಡಿದು ಬಂದಿತು. ಆ ದಾರಿ ಕಿರಿದಾಗಿತ್ತು. ಬರವೂ ನೆರೆಯೂ ಇಲ್ಲಿ ಒಂದೇ ರೋಗದ ಎರಡು ಲಕ್ಷಣಗಳು.

ನಿರಾಶೆಗೆ ಮಾತ್ರ ಕಾರಣವಿದೆಯೆಂದು ಭಾವಿಸಬಾರದು. ಯಲಹಂಕದ ಕೊಳಚೆನೀರನ್ನು ಜಕ್ಕೂರಿನಲ್ಲಿ ಮೊದಲು ಯಂತ್ರಗಳಿಂದ, ಆಮೇಲೆ ಜೊಂಡು ಬೆಳೆದ ಜೌಗುನೆಲದಲ್ಲಿ ಹಾಯಿಸಿ, ಶುದ್ಧವಾದುದನ್ನು ಕೆರೆಗೆ ಬಿಡುವ ಏರ್ಪಾಡು ನಡೆದಿದೆ. ಇದರಿಂದ ಬೇಸಗೆಯಲ್ಲಿಯೂ ಕೆರೆಯಲ್ಲಿ ನೀರು ನಿಲ್ಲುತ್ತದೆ. ಇದಕ್ಕಿಂತ ವಿಸ್ತಾರವಾದುದು ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆ. ಈ ಕಣಿವೆಯಲ್ಲಿ ಸಂಸ್ಕರಿಸಿದ ನೀರನ್ನು ದಿನಕ್ಕೆ ೨೧ ಕೋಟಿ ಲೀಟರಿನಂತೆ ಉತ್ತರಕ್ಕೆ ಎತ್ತಿ, ಚಿಕ್ಕಬಳ್ಳಾಪುರದ ಕಡೆಯ ೬೫ ಕೆರೆಗಳಿಗೆ ತುಂಬಿಸುವುದು ಅದರ ಉದ್ದೇಶ. ಕುಡಿಯಲು ಯೋಗ್ಯವಲ್ಲದಿದ್ದರೂ ಅಂತರ್ಜಲವನ್ನು ಮೇಲೆತ್ತಲು ಈ ನೀರು ಉಪಯೋಗಕ್ಕೆ ಬರುತ್ತದೆ. ಆದರೆ ಅದರ ಶುದ್ಧಿಯ ಮಟ್ಟವನ್ನು ಕುರಿತು ಆ ಸೀಮೆಯ ರೈತರು ಎತ್ತಿರುವ ಪ್ರಶ್ನೆಗಳನ್ನು ಅಲಕ್ಷಿಸುವುದು ನ್ಯಾಯವಲ್ಲ. ಪಡೆದುದನ್ನು ಹಿಂದಿರುಗಿಸುವಾಗ ಕೊಳೆಯಿಲ್ಲದೆ ಹಿಂದಿರುಗಿಸುವುದು ಗೃಹಸ್ಥನ ಧರ್ಮ. ನಗರಕ್ಕೂ ಅದೇ ಧರ್ಮ.

ಒಟ್ಟಿನಲ್ಲಿ ಹೇಳತಕ್ಕದ್ದಿಷ್ಟು. ನದೀತೀರದ ಊರು ನದಿಯನ್ನು ಮರೆತರೂ ನದಿ ಹರಿಯುತ್ತಲೇ ಇರುತ್ತದೆ. ನೆತ್ತಿಯ ಮೇಲಿನ ಊರು ತನ್ನ ಕೆರೆಯನ್ನು ಮರೆತರೆ ಅಲ್ಲಿ ಉಳಿಯುವುದೇನೂ ಇಲ್ಲ. ಏಕೆಂದರೆ ಅದನ್ನು ಇಟ್ಟುಕೊಂಡಿರುವುದು ಮನುಷ್ಯನ ಎಚ್ಚರವೇ ಹೊರತು ಪ್ರಕೃತಿಯಲ್ಲ. ಹೆಬ್ಬಾಳದಲ್ಲಿಯೋ ರವೀಂದ್ರನಾಥ ಟಾಗೂರ್ ನಗರದಲ್ಲಿಯೋ ಯಲಹಂಕದಲ್ಲಿಯೋ ವಾಸಿಸುವ ಪ್ರತಿಯೊಬ್ಬರೂ ತಮ್ಮ ಮನೆಯ ಮುಂದೆ ಬಿದ್ದ ಮಳೆಯ ನೀರು ಯಾವ ಕೆರೆಗೆ, ಯಾವ ಕಾಲುವೆಯಲ್ಲಿ ಹೋಗುತ್ತದೆಂಬುದನ್ನು ತಿಳಿದಿರುವುದು ಅವಶ್ಯಕ. ನಮ್ಮ ಹಿರಿಯರಿಗೆ ನಕಾಶೆಯಿಲ್ಲದೆಯೇ ಇದು ತಿಳಿದಿತ್ತು. ಮಕ್ಕಳಿಗೆ ಗಂಗೆ ಯಮುನೆಯರ ಉಗಮವನ್ನು ಬೋಧಿಸುವ ನಾವು, ಜಕ್ಕೂರಿನ ಕೋಡಿ ಎಲ್ಲಿಗೆ ಹರಿಯುತ್ತದೆಂಬುದನ್ನೂ ಅದರೊಡನೆ ಹೇಳಿಕೊಡುವುದು ಉಚಿತ.