ಕಪ್ಪು ಪರದೆಯ ಹಿಂದಿನ ನಾಲ್ಕು ದಶಕ

ಹಳೆಯ ಲ್ಯಾಪ್‌ಟಾಪಿಗೆ ಹೊಸದಾಗಿ ವಿಂಡೋಸ್ ಹಾಕಲು ಹೋಗಿ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ‘ನೋ ಬೂಟಬಲ್ ಡಿವೈಸ್’ ಎಂಬ ಒಂದೇ ಸಾಲು. ಮನೆಯಲ್ಲಿ ಆಗ ಹೊರಡುವ ಮೊದಲ ಮಾತು ‘ಹೋಯ್ತು’. ಆದರೆ ಆ ಒಂದು ಸಾಲು ಮೂಡಬೇಕಾದರೂ ಪ್ರೊಸೆಸರ್, ಮೆಮೊರಿ, ಪರದೆ ಎಲ್ಲ ಕೆಲಸ ಮಾಡುತ್ತಿರಬೇಕು. ಯಂತ್ರ ಸತ್ತಿಲ್ಲ, ಮುಂದೇನು ಮಾಡಬೇಕೆಂದು ತಿಳಿಯದೆ ಕೂತಿದೆ, ಅಷ್ಟೆ.

ಲ್ಯಾಪ್‌ಟಾಪು ಒಂದೇ ಸಲಕ್ಕೆ ಕಟ್ಟಿದ ಮನೆಯಲ್ಲ. 1981ರ ಅಡಿಪಾಯ, 1983ರ ಗೋಡೆ, 2005ರ ಮಹಡಿ, 2012ರ ಬೀಗ, ಹೀಗೆ ಬೇರೆ ಬೇರೆ ಕಾಲದವರು ಕಟ್ಟುತ್ತ ಬಂದದ್ದು. ಮರುಸ್ಥಾಪನೆ ಕೆಡುವುದು ಹೆಚ್ಚಾಗಿ ಈ ಪದರಗಳು ಸೇರುವ ಸಂದಿಯಲ್ಲಿ. ಯಾವ ಕಾಲದ ಸಂದಿ ಬಿಟ್ಟುಕೊಂಡಿದೆ ಎಂದು ಗೊತ್ತಾದರೆ ಅರ್ಧ ದುರಸ್ತಿ ಮುಗಿದಂತೆ.

1981ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಪಿಸಿಯನ್ನು ಹೊರತಂದಾಗ ಅದರ ಬಹುತೇಕ ಭಾಗಗಳು ಪೇಟೆಯಲ್ಲಿ ಯಾರಿಗೂ ಸಿಗುವಂಥವು. ಐಬಿಎಂ ತನ್ನದೆಂದು ಬಿಗಿಯಾಗಿ ಹಿಡಿದದ್ದು ಬಯೋಸ್ ಎಂಬ ಪುಟ್ಟ ತಂತ್ರಾಂಶವನ್ನು. ಯಂತ್ರ ಎಚ್ಚರಾದ ಕೂಡಲೇ ಅಂಗಾಂಗ ಪರೀಕ್ಷಿಸಿ, ಡಿಸ್ಕಿನ ಮೊದಲ 512 ಬೈಟು ಓದಿ, ಅಲ್ಲಿರುವ ಆಜ್ಞೆಗಳಿಗೆ ಅಧಿಕಾರ ಒಪ್ಪಿಸುವುದು ಅದರ ಕೆಲಸ. ಇದರ ಪೂರ್ತಿ ಕೋಡನ್ನು ಐಬಿಎಂ ಕೈಪಿಡಿಯಲ್ಲಿ ಅಚ್ಚು ಹಾಕಿಯೂ ಇತ್ತು. ಎಲ್ಲರೂ ಓದಬಹುದು, ಆದರೆ ನಕಲು ಮಾಡಿದರೆ ಕೃತಿಸ್ವಾಮ್ಯದ ಮೊಕದ್ದಮೆ.

1982ರಲ್ಲಿ ಹುಟ್ಟಿದ ಕಾಂಪ್ಯಾಕ್ ಕಂಪನಿ ಇದಕ್ಕೊಂದು ದಾರಿ ಹುಡುಕಿತು. ಒಂದು ತಂಡ ಬಯೋಸ್ ಏನೇನು ಮಾಡುತ್ತದೆ ಎಂದಷ್ಟೇ ಬರೆದುಕೊಟ್ಟಿತು. ಮೂಲ ಕೋಡನ್ನು ಕಣ್ಣಿಂದಲೂ ನೋಡದ ಇನ್ನೊಂದು ತಂಡ ಆ ವಿವರಣೆ ಇಟ್ಟುಕೊಂಡು ಹೊಸದಾಗಿ ಬರೆಯಿತು. 1984ರ ಹೊತ್ತಿಗೆ ಫೀನಿಕ್ಸ್ ಎಂಬ ಕಂಪನಿ ಇದೇ ಕ್ರಮದಲ್ಲಿ ಮಾಡಿದ ಬಯೋಸನ್ನು ಬೇಕಾದವರಿಗೆಲ್ಲ ಮಾರತೊಡಗಿತು. ಪಿಸಿ ಯಾರೊಬ್ಬರ ಸೊತ್ತೂ ಆಗದೆ ಉಳಿದದ್ದು ಹೀಗೆ. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಯ ರಿಚ್ಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್ ಬೆಳೆದದ್ದು ಈ ಬಿಡಿಭಾಗಗಳ ಲೋಕದ ಮೇಲೆಯೇ. ಒಬ್ಬರು ಮಾಡಿದ ಯಂತ್ರಕ್ಕೆ ಇನ್ನೊಬ್ಬರ ಕಾರ್ಯಾಚರಣಾ ವ್ಯವಸ್ಥೆಯನ್ನು ಮೂರನೆಯವರು ಹಾಕಬಹುದು ಎಂಬ ಸ್ವಾತಂತ್ರ್ಯ ನಮಗೆ ಬಂದದ್ದು ಅಲ್ಲಿಂದ. ಮೂವರ ನಡುವೆ ತಾಳ ತಪ್ಪುವ ತಾಪತ್ರಯ ಬಂದದ್ದೂ ಅಲ್ಲಿಂದಲೇ.

1983ರಲ್ಲಿ ಐಬಿಎಂ ಎಕ್ಸ್‌ಟಿ ಜೊತೆ ಹಾರ್ಡ್ ಡಿಸ್ಕು ಬಂದಾಗ, ಆ ಮೊದಲ 512 ಬೈಟಿನೊಳಗೆ ಡಿಸ್ಕಿನ ಪಾಲುಪಟ್ಟಿಯನ್ನೂ ತುರುಕಿದರು. ನಾಲ್ಕೇ ಪಾಲು, ಒಂದೊಂದಕ್ಕೆ 16 ಬೈಟು. ಇದಕ್ಕೆ ಎಂಬಿಆರ್ ಎಂದು ಹೆಸರು. ಅರ್ಧಕ್ಕೆ ನಿಂತ ಮರುಸ್ಥಾಪನೆ ಹೆಚ್ಚಾಗಿ ಹಾಳು ಮಾಡುವುದು ಈ ಚಿಕ್ಕ ಪಟ್ಟಿಯನ್ನು. ಗ್ರಂಥಾಲಯದ ಸೂಚಿಪಟ್ಟಿ ಹರಿದುಹೋದರೆ ಪುಸ್ತಕಗಳು ಕಪಾಟಿನಲ್ಲೇ ಇರುತ್ತವಲ್ಲ, ಹಾಗೆ ಫೈಲುಗಳೂ ಡಿಸ್ಕಿನಲ್ಲೇ ಇರುತ್ತವೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಡಿಸ್ಕನ್ನೆಲ್ಲ ತಡಕಿ, ಹಳೆಯ ಪಾಲುಗಳ ಗಡಿ ಹುಡುಕಿ, ಪಟ್ಟಿಯನ್ನು ಮತ್ತೆ ಬರೆಯುವುದು ಈ ಕಾರಣದಿಂದಲೇ ಸಾಧ್ಯ.

1984ರ ಪಿಸಿ ಎಟಿ ಇನ್ನೊಂದು ಉಡುಗೊರೆ ಕೊಟ್ಟಿತು: ಸೆಟ್ಟಿಂಗುಗಳನ್ನೂ ಗಡಿಯಾರವನ್ನೂ ನೆನಪಿಡುವ, ಬ್ಯಾಟರಿಯ ಆಸರೆಯಲ್ಲಿ ಬದುಕುವ ಚಿಪ್ಪು. ಹತ್ತು ವರ್ಷ ಹಳೆಯ ಎಷ್ಟೋ ಲ್ಯಾಪ್‌ಟಾಪುಗಳೊಳಗೆ ಈಗಲೂ ಬಿಲ್ಲೆಯಂಥ ಬ್ಯಾಟರಿಯೊಂದು ಇರುತ್ತದೆ. ಅದು ಬರಿದಾದರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಎಷ್ಟೋ ಸಲ ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳುತ್ತವೆ. ಆಗ ನಿನ್ನೆಯವರೆಗೆ ಕಾಣುತ್ತಿದ್ದ ಡಿಸ್ಕು ಇಂದು ಕಾಣುವುದಿಲ್ಲ, ತಾರೀಖು ತಪ್ಪಾದ್ದರಿಂದ ಬ್ರೌಸರ್ ಯಾವ ತಾಣವನ್ನೂ ನಂಬುವುದಿಲ್ಲ. ವಿಂಡೋಸನ್ನು ಎಷ್ಟು ಸಲ ಹಾಕಿದರೂ ಈ ರೋಗ ಹೋಗದು, ಬಿಲ್ಲೆ ಬದಲಿಸಿದರೆ ಹೋಗುತ್ತದೆ.

2007ರಲ್ಲಿ ವಿಸ್ತಾ ಬಂದಾಗ ಅದರ ಭಾರ ತಾಳದೆ ಎಕ್ಸ್‌ಪಿಗೆ ಮರಳಿದವರು ಬಹಳ. ಆದರೆ 2001ರ ಎಕ್ಸ್‌ಪಿಗೆ, ಹೊಸ ಲ್ಯಾಪ್‌ಟಾಪುಗಳ ಡಿಸ್ಕುಗಳು ಬಳಸುತ್ತಿದ್ದ ಎಎಚ್‌ಸಿಐ ಎಂಬ ಕ್ರಮ ಗೊತ್ತಿರಲಿಲ್ಲ. ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡಿ ಎಂದು ಅದು ಕೇಳುತ್ತಿತ್ತು, ಅದೂ ಫ್ಲಾಪಿಯ ಬಾಯಿಯೇ ಇಲ್ಲದ ಯಂತ್ರದಲ್ಲಿ! ಬಯೋಸಿಗೆ ಹೋಗಿ ಎಎಚ್‌ಸಿಐ ಬದಲು ಐಡಿಇ ಎಂದು ಆರಿಸುವುದು ಆಗಿನ ದುರಸ್ತಿಗಾರರ ಕೈಮದ್ದು. ಅದೇ ಹೊತ್ತಿಗೆ ಕಂಪನಿಗಳು ಸಿಡಿ ಕೊಡುವುದನ್ನು ಬಿಟ್ಟು, ಡಿಸ್ಕಿನಲ್ಲೇ ಬಚ್ಚಿಟ್ಟ ರಿಕವರಿ ಪಾಲನ್ನು ಕೊಡತೊಡಗಿದ್ದವು. ಎಲ್ಲ ಪಾಲುಗಳನ್ನೂ ಅಳಿಸಿ ಶುರುಮಾಡಿದವರು ತಮಗೆ ಗೊತ್ತಿಲ್ಲದೆಯೇ ಔಷಧಿಯ ಸೀಸೆಯನ್ನೂ ಒಡೆದುಹಾಕುತ್ತಿದ್ದರು.

ಕೆಟ್ಟ ಯಂತ್ರವನ್ನು ಹೊರಗಿನಿಂದ ಎಬ್ಬಿಸುವ ವಿದ್ಯೆ ಬೆಳೆದದ್ದು ಸಿಡಿಯಿಂದ. ಸಿಡಿಯಿಂದಲೇ ಬೂಟ್ ಮಾಡುವ ಮಾನದಂಡವನ್ನು ಫೀನಿಕ್ಸ್ ಮತ್ತು ಐಬಿಎಂ 1995ರಲ್ಲಿ ಪ್ರಕಟಿಸಿದವು. 2000ದಲ್ಲಿ ಜರ್ಮನಿಯ ಕ್ಲೌಸ್ ನಾಪರ್ ಹೊರತಂದ ನಾಪಿಕ್ಸ್, ಹಾರ್ಡ್ ಡಿಸ್ಕನ್ನು ಮುಟ್ಟದೆ ಸಿಡಿಯಿಂದಲೇ ಪೂರ್ತಿ ಲಿನಕ್ಸನ್ನು ನಡೆಸಿತೋರಿಸಿತು. 2004ರಲ್ಲಿ ಬಂದ ಉಬುಂಟು, ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿತ್ತು. ಸಿಡಿಯ ಜಾಗಕ್ಕೆ ಈಗ ಪೆನ್‌ಡ್ರೈವ್ ಬಂದಿದೆ, ಸೂತ್ರ ಅದೇ: ಮೊದಲು ಹೊರಗಿನಿಂದ ಎಬ್ಬಿಸಿ ಫೈಲುಗಳನ್ನು ಬೇರೆ ಡಿಸ್ಕಿಗೆ ಸಾಗಿಸಿ, ಆಮೇಲೆ ಮರುಸ್ಥಾಪನೆ.

ಎಂಬಿಆರ್‌ಗೆ 2 ಟೆರಾಬೈಟಿನಾಚೆ ಲೆಕ್ಕ ಬರುವುದಿಲ್ಲ. ಬಯೋಸೂ ಮುದಿಯಾಗಿತ್ತು. ಇಂಟೆಲ್ ಆರಂಭಿಸಿದ್ದ ಹೊಸ ಪದ್ಧತಿಯನ್ನು 2005ರಲ್ಲಿ ಹಲವು ಕಂಪನಿಗಳ ವೇದಿಕೆಯೊಂದು ವಹಿಸಿಕೊಂಡು ಯುಇಎಫ್‌ಐ ಎಂದು ಕರೆಯಿತು. ಅದರ ಪಾಲುಪಟ್ಟಿಗೆ ಜಿಪಿಟಿ ಎಂದು ಹೆಸರು. ಸುಮಾರು 2010ರಿಂದ ಹತ್ತು ವರ್ಷ ಮಾರಾಟವಾದ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಿನವು ಎರಡೂ ಭಾಷೆ ಆಡಬಲ್ಲವು. ಇಂದಿನ ಮರುಸ್ಥಾಪನೆಗಳು ಎಡವುವುದೂ ಇಲ್ಲೇ. ಪೆನ್‌ಡ್ರೈವನ್ನು ಒಂದು ಕ್ರಮಕ್ಕೆ ಸಿದ್ಧಮಾಡಿ ಯಂತ್ರವನ್ನು ಇನ್ನೊಂದರಲ್ಲಿ ಇಟ್ಟರೆ, ಸ್ಥಾಪನೆ ಶುರುವೇ ಆಗದು ಅಥವಾ ಡಿಸ್ಕು ಜಿಪಿಟಿ ಎಂದು ಹೇಳಿ ನಿಂತುಬಿಡುತ್ತದೆ. ಹಾಗೆ ನಿಂತಾಗ ಡಿಸ್ಕನ್ನು ಅಳಿಸುವ ಅಗತ್ಯವಿಲ್ಲ. ಸೆಟ್ಟಿಂಗಿನಲ್ಲಿ ‘ಲೆಗಸಿ’ ಇದ್ದರೆ ‘ಯುಇಎಫ್‌ಐ’ಗೆ ಬದಲಿಸಿ ಮತ್ತೊಮ್ಮೆ ನೋಡಿದರೆ ಸಾಕಾಗಬಹುದು.

2012ರಲ್ಲಿ ವಿಂಡೋಸ್ 8 ಜೊತೆ ಸೆಕ್ಯೂರ್ ಬೂಟ್ ಬಂತು. ಸಹಿ ಇರುವ ತಂತ್ರಾಂಶಕ್ಕೆ ಮಾತ್ರ ಬಾಗಿಲು. ಸಾಮಾನ್ಯ ಪಿಸಿಗಳಲ್ಲಿ ಇದನ್ನು ಮಾಲೀಕರು ಆರಿಸಬಹುದು ಎಂಬ ಷರತ್ತನ್ನು ಆಗ ಇಟ್ಟರು. ಎಆರ್‌ಎಂ ಚಿಪ್ಪಿನ ವಿಂಡೋಸ್ ಆರ್‌ಟಿ ಟ್ಯಾಬ್ಲೆಟ್ಟುಗಳಿಗೆ ಆ ಸೌಲಭ್ಯ ಇರಲಿಲ್ಲ. ತನ್ನ ಯಂತ್ರಕ್ಕೆ ತನಗೆ ಬೇಕಾದ್ದನ್ನು ಹಾಕಿಕೊಳ್ಳುವ ಹಕ್ಕು ಎಷ್ಟು ತೆಳುವಾದ ಷರತ್ತಿನ ಮೇಲೆ ನಿಂತಿದೆ ಎಂಬುದು ಇಲ್ಲಿ ಕಾಣುತ್ತದೆ.

ಹೊಸ ಪದರಗಳು ಹಳೆಯ ಭರವಸೆಯನ್ನೂ ಕಿತ್ತುಕೊಂಡಿವೆ. ಹಾರ್ಡ್ ಡಿಸ್ಕಿನಲ್ಲಿ ಕ್ವಿಕ್ ಫಾರ್ಮ್ಯಾಟ್ ಆದರೂ ಮೇಲೆ ಬೇರೇನೂ ಬರೆಯುವವರೆಗೆ ಫೈಲು ಉಳಿದಿರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಎಂಬ ಆಜ್ಞೆ ಖಾಲಿಯಾದ ಜಾಗವನ್ನು ತಾನಾಗಿ ಒರೆಸಿಬಿಡುತ್ತದೆ. ಬಿಟ್‌ಲಾಕರ್ ಆನ್ ಆಗಿದ್ದರೆ 48 ಅಂಕಿಯ ಕೀಲಿ ಇಲ್ಲದೆ ಡಿಸ್ಕು ಹೊರಗಿನಿಂದ ತೆರೆಯದು.

ಕನ್ನಡಿಗರಿಗೆ ಕೊನೆಯ ಒಂದು ಪದರ ಬೇರೆಯೇ ಇದೆ. ಎಕ್ಸ್‌ಪಿಯಲ್ಲಿ ಕನ್ನಡ ಯೂನಿಕೋಡ್ ಬಂದ ಮೇಲೂ ಎಷ್ಟೋ ವರ್ಷ ನಾವು ಬರಹ, ನುಡಿಗಳ ಹಳೆಯ ಫಾಂಟುಗಳಲ್ಲೇ ಬರೆದೆವು. ಸಂಘದ ಸ್ಮರಣ ಸಂಚಿಕೆ, ಅಪ್ಪನ ಆತ್ಮಕಥೆ, ನಾಟಕದ ಹಸ್ತಪ್ರತಿ ಎಲ್ಲ ಅವುಗಳಲ್ಲೇ ಇವೆ. ಆ ಫೈಲುಗಳಲ್ಲಿರುವುದು ಕನ್ನಡ ಅಕ್ಷರಗಳಲ್ಲ, ಕನ್ನಡದ ವೇಷ ತೊಟ್ಟ ಲ್ಯಾಟಿನ್ ಸಂಕೇತಗಳು. ಫಾಂಟು ಇಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಂಡು, ಫೈಲು ಕೆಟ್ಟಿದೆ ಎಂದುಕೊಂಡು ಅಳಿಸಿಬಿಡುವ ಅಪಾಯ ಇದೆ. ಫೋಟೊರೆಕ್‌ನಂಥ ತಂತ್ರಾಂಶಗಳು ಫೈಲನ್ನು ಮರಳಿ ತಂದರೂ ಹೆಸರನ್ನು ತರುವುದಿಲ್ಲ. ಸಾವಿರ ಅನಾಮಧೇಯ ಫೈಲುಗಳ ನಡುವೆ ಕನ್ನಡ ಪದ ಕೊಟ್ಟು ಹುಡುಕಿದರೆ ಇವು ಸಿಗುವುದೂ ಇಲ್ಲ. ಮೊದಲು ಫಾಂಟು ಹಾಕಿ, ತೆರೆದು ನೋಡಿ, ಪರಿವರ್ತಕದಿಂದ ಯೂನಿಕೋಡಿಗೆ ತಂದು, ಮತ್ತೆ ಕಣ್ಣಿಟ್ಟು ಓದಬೇಕು. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಕಾಣುವ ಜಾಗದಲ್ಲೇ, ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಅದು ಉಚ್ಚಾರದಂತೆ ಮೊದಲೇ ಬರಬೇಕು. ಪರಿವರ್ತನೆಯಲ್ಲಿ ತಪ್ಪು ನುಸುಳುವ ಜಾಗಗಳಲ್ಲಿ ಇದೊಂದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಇಲ್ಲದ, ಆದರೆ ಚೆನ್ನಾಗಿ ನಡೆಯುತ್ತಿರುವ ಲ್ಯಾಪ್‌ಟಾಪುಗಳು ಮನೆಮನೆಯಲ್ಲಿವೆ. ಅವುಗಳಲ್ಲಿ ಲಿನಕ್ಸ್ ಹಾಕುವವರು, ಗುಜರಿಗೆ ಕೊಡುವವರು ಎಲ್ಲರೂ ಈಗ ಕೈಹಾಕುತ್ತಿದ್ದಾರೆ. ಎರಡಕ್ಕೂ ಮೊದಲು ಡಿಸ್ಕನ್ನೊಮ್ಮೆ ತೆರೆದು ನೋಡುವುದು ಒಳ್ಳೆಯದು. ಯಂತ್ರ ಇನ್ನೊಂದು ಸಿಗುತ್ತದೆ. ಅಪ್ಪ ಟೈಪು ಮಾಡಿಟ್ಟ ಇನ್ನೂರು ಪುಟದ ಪ್ರತಿ ಬಹುಶಃ ಅದೊಂದೇ.