ವಿಯೆನ್ನಾದ ಹೆರಿಗೆಯ ಲೆಕ್ಕ
ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ಎರಡು ಪ್ರಸೂತಿ ವಿಭಾಗಗಳಿದ್ದುವು: ಮೊದಲನೆಯದು ವೈದ್ಯವಿದ್ಯಾರ್ಥಿಗಳ ಶಿಕ್ಷಣಕ್ಕೆ, ಎರಡನೆಯದು ಸೂಲಗಿತ್ತಿಯರ ಶಿಕ್ಷಣಕ್ಕೆ. ಎರಡರಲ್ಲಿಯೂ ಹೆರಿಗೆ ಮರಣಗಳ ಲೆಕ್ಕವನ್ನು ವಾಡಿಕೆಯಂತೆ ಬರೆದಿಡುತ್ತಿದ್ದರು. 1846ರಲ್ಲಿ ಮೊದಲನೆಯದರ 4,010 ಹೆರಿಗೆಗಳಲ್ಲಿ 459 ತಾಯಂದಿರೂ, ಎರಡನೆಯದರ 3,754 ಹೆರಿಗೆಗಳಲ್ಲಿ 105 ತಾಯಂದಿರೂ ಮಡಿದರು. ವಾಯುದೋಷವೇ ಬಾಣಂತಿಜ್ವರಕ್ಕೆ ಕಾರಣವೆಂದು ಹಲವರು ಸಮಾಧಾನಪಟ್ಟಿದ್ದರು. ಅಕ್ಕಪಕ್ಕದ ವಿಭಾಗಗಳಿಗೆ ಗಾಳಿ ಬೇರೆಯೆ? ಎಂದು ಶಂಕಿಸಿದವನು ಸಹಾಯಕ ವೈದ್ಯ ಸೆಮ್ಮೆಲ್ವೈಸ್. 1847ರಲ್ಲಿ ಶವಪರೀಕ್ಷೆಯಲ್ಲಿ ಗಾಯಗೊಂಡು ಸತ್ತ ಮಿತ್ರ ಕೊಲೆಟ್ಷ್ಕನ ರೋಗಲಕ್ಷಣಗಳು ಬಾಣಂತಿಯರವನ್ನೇ ಹೋಲುತ್ತಿದ್ದುವು. ಶವ ಮುಟ್ಟಿದ ಕೈಗಳೇ ವಿಷವನ್ನು ಒಯ್ಯುತ್ತವೆಂದು ನಿಶ್ಚಯಿಸಿ, ಮೇ ತಿಂಗಳಿನಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯುವ ನಿಯಮವನ್ನು ಆತನು ತಂದನು. 1848ರಲ್ಲಿ ಮೊದಲ ವಿಭಾಗದ 3,556 ಹೆರಿಗೆಗಳಲ್ಲಿ ಸತ್ತವರು 45 ಮಂದಿ. ಲೆಕ್ಕವು ವರ್ಷಗಳಿಂದಲೂ ಅಲ್ಲಿಯೇ ಇದ್ದಿತು. ಅದನ್ನು ಓದಿ ಪ್ರಶ್ನಿಸುವವನು ಬರಬೇಕಾಗಿದ್ದಿತು.