ಎಡ, ಬಲ ಮತ್ತು ಒಂದು ತಾರೀಖು

ಕಳೆದ ಬೇಸಿಗೆಯಲ್ಲಿ ತಣಿಸಂದ್ರದ ನಮ್ಮ ದೊಡ್ಡಮ್ಮನ ಮನೆ ಖಾಲಿ ಮಾಡಬೇಕಾಗಿ ಬಂತು. ಊರೊಳಗಿನ ಹಳೆಯ ಹೆಂಚಿನ ಮನೆ. ಆ ಜಾಗದಲ್ಲಿ ಈಗ ನಾಲ್ಕು ಅಂತಸ್ತಿನ ಪಿಜಿ ಏಳುತ್ತಿದೆ. ಮಾನ್ಯತಾ ಟೆಕ್ ಪಾರ್ಕ್ ಬಂದ ಮೇಲೆ ಈ ಕಡೆಯ ಎಲ್ಲ ಹಿತ್ತಲುಗಳ ಹಣೆಬರಹವೂ ಅದೇ. ಅಟ್ಟದಿಂದ ಇಳಿಸಿದ ಸಾಮಾನುಗಳಲ್ಲಿ ಒಂದು ತೇಗದ ಪೆಟ್ಟಿಗೆಯಿತ್ತು. ಮುಂದೆ ನಾಲ್ಕು ಗುಂಡಿ, ಹಿಂದೆ ರಂಧ್ರಗಳಿರುವ ಹಲಗೆ, ಒಳಗೆ ಗಾಜಿನ ಮೂರು ವಾಲ್ವು. ದೊಡ್ಡಪ್ಪ ತನ್ನ ಕೈಯಾರೆ ಮಾಡಿದ್ದ ಸ್ಟೀರಿಯೊ ಆಂಪ್ಲಿಫೈಯರ್. ಆತ ತೀರಿಕೊಂಡು ಹನ್ನೊಂದು ವರ್ಷ, ಪೆಟ್ಟಿಗೆ ಹಾಡು ನಿಲ್ಲಿಸಿ ಅದಕ್ಕೂ ಮುಂಚಿನಿಂದ.

ಮೊದಲು ಬಂದವನು ಗುಜರಿಯವನು. ಎತ್ತಿ ನೋಡಿ, ಟ್ರಾನ್ಸ್‌ಫಾರ್ಮರಿನ ತಾಮ್ರ ಲೆಕ್ಕ ಹಾಕಿ ಮುನ್ನೂರೈವತ್ತು ಅಂದ. ತಮ್ಮನಿಗೆ ಪರಿಚಯದ ಒಬ್ಬರು ಹಳೆಯ ಆಡಿಯೊ ಸಾಮಾನು ಕೊಂಡು ಮಾರುತ್ತಾರೆಂದು ಗೊತ್ತಿತ್ತು. ಅವರು ಸಂಜೆ ಕಾರಿನಲ್ಲಿ ಬಂದರು. ಕೇಳಿದ ಮೊದಲ ಪ್ರಶ್ನೆ, "ಬ್ರ್ಯಾಂಡ್ ಯಾವುದು ಮೇಡಂ?"

"ಬ್ರ್ಯಾಂಡ್ ಇಲ್ಲ. ಮನೆಯಲ್ಲೇ ಮಾಡಿದ್ದು."

"ಅಸೆಂಬಲ್ಡಾ? ಹಾಗಾದ್ರೆ ಇದು ವಿಂಟೇಜ್ ಲೆಕ್ಕಕ್ಕೆ ಬರಲ್ಲ."

ಹಾಗಂದವರು ಹೊರಡಲಿಲ್ಲ. ಫೋನಿನ ಟಾರ್ಚ್ ಹಾಕಿ ಒಳಗೆ ಇಣುಕಿದರು. ಗಾಜಿನ ಮೇಲೆ ಮಾಸಿದ ಅಕ್ಷರದಲ್ಲಿ ಬಿಇಎಲ್ ಅಂತಿತ್ತು. ದನಿ ಸ್ವಲ್ಪ ಬದಲಾಯಿತು. ಪೆಟ್ಟಿಗೆ ಬೇಡ, ಆ ಮೂರು ವಾಲ್ವು ಮಾತ್ರ ಕೊಡುವುದಾದರೆ ಮೂರು ಸಾವಿರ ಕೊಡುತ್ತೇನೆ ಅಂದರು. ದೊಡ್ಡಮ್ಮ ಒಳಗಿನಿಂದಲೇ, "ಕೋಡು ಕೊಡಿ, ಹಸು ನೀವೇ ಇಟ್ಕೊಳ್ಳಿ ಅಂದಂಗಾಯ್ತು" ಅಂದಳು. ವ್ಯಾಪಾರ ಅಲ್ಲಿಗೆ ನಿಂತಿತು.

ನನಗೆ ಮಾತ್ರ ಆ ಲೆಕ್ಕ ಬಿಡಿಸಲಾಗಲಿಲ್ಲ. ಒಂದೇ ವಸ್ತು. ಇಡಿಯಾಗಿ ನೋಡಿದರೆ ಗುಜರಿ, ಬಿಡಿಯಾಗಿ ನೋಡಿದರೆ ವಿಂಟೇಜ್. ನನ್ನ ಪಿಎಚ್.ಡಿ. ವಿಷಯ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರ ಬದುಕು. ದಾಖಲೆಗಳ ನಡುವೆ ಕೂತು ಯಾವುದು ಇತಿಹಾಸ, ಯಾವುದು ಕಸ ಎಂದು ದಿನಾ ತೀರ್ಮಾನಿಸುವ ಕೆಲಸ ಅದು. ಮನೆಯ ಪೆಟ್ಟಿಗೆಯೊಂದರ ಬಗ್ಗೆ ಬೇರೆಯವರು ಆ ತೀರ್ಮಾನ ಕೊಟ್ಟು ಹೋದದ್ದು ಸ್ವಲ್ಪ ಚುಚ್ಚಿತು.

ವಯಸ್ಸು ಸಾಲದೇ ಎಂದು ಮೊದಲು ಯೋಚಿಸಿದೆ. ವಯಸ್ಸಿನ ಲೆಕ್ಕಕ್ಕೆ ಸರ್ಕಾರದ್ದೇ ಒಂದು ಅಳತೆಗೋಲಿದೆ. 1972ರ ಪುರಾತನ ವಸ್ತುಗಳ ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ವಸ್ತುವೊಂದು ಪುರಾತನ ಎನಿಸಿಕೊಳ್ಳಲು ಕನಿಷ್ಠ 100 ವರ್ಷ ಆಗಿರಬೇಕು, ಹಸ್ತಪ್ರತಿಗಾದರೆ 75 ಸಾಕು. ಈ ಲೆಕ್ಕದಲ್ಲಿ ಸ್ಟೀರಿಯೊಗೆ ಸದ್ಯ ಜಾಗವಿಲ್ಲ. ಇಂಗ್ಲೆಂಡಿನ ಇಎಂಐ ಕಂಪನಿಯ ಅಲನ್ ಬ್ಲಮ್ಲೀನ್ ಎಂಬ ಎಂಜಿನಿಯರ್ ಎರಡು ದಾರಿಗಳಲ್ಲಿ ದನಿ ಮುದ್ರಿಸುವ ಉಪಾಯಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ಸ್ಟೀರಿಯೊ ತಟ್ಟೆಗಳು ಜನರ ಕೈಗೆ ಬಂದದ್ದು 1958ರ ಹೊತ್ತಿಗೆ. ಅಂದರೆ ಮನೆಬಳಕೆಯ ಸ್ಟೀರಿಯೊ ಒಂದು 'ಪುರಾತನ' ಆಗುವುದಕ್ಕೆ 2058ರವರೆಗೆ ಕಾಯಬೇಕು.

ಆನ್‌ಲೈನ್ ಮಾರುಕಟ್ಟೆಗಳಿಗೆ ಅಷ್ಟು ತಾಳ್ಮೆ ಇಲ್ಲ. ಎಟ್ಸಿಯಂಥ ತಾಣದಲ್ಲಿ 20 ವರ್ಷ ದಾಟಿದ್ದನ್ನು ವಿಂಟೇಜ್ ಎಂದು ಮಾರಬಹುದು. ಹಾಗೆ ನೋಡಿದರೆ ನಾನು ಶಾಲೆಗೆ ಹೋಗುವಾಗ ಪಕ್ಕದ ಮನೆಯವರು ಕಂತಿನಲ್ಲಿ ತಂದ ಡಿವಿಡಿ ಹೋಮ್ ಥಿಯೇಟರ್ ಕೂಡ ಈಗ ವಿಂಟೇಜ್. ಅದರ ಡಬ್ಬಿಯ ಮೇಲೆ ಪಿಎಂಪಿಒ ಲೆಕ್ಕದಲ್ಲಿ ಸಾವಿರಾರು ವಾಟ್ ಬರೆದಿದ್ದರು. ಅಷ್ಟು ವಾಟ್ ನಿಜವಾಗಿ ಹೊರಬಂದಿದ್ದರೆ ಬೀದಿಯ ಹೆಂಚುಗಳು ಉಳಿಯುತ್ತಿರಲಿಲ್ಲ.

ಪದದ ಮೂಲಕ್ಕೆ ಹೋದರೆ ಬೇರೆಯದೇ ಸಿಗುತ್ತದೆ. ವಿಂಟೇಜ್ ಅಂದರೆ ದ್ರಾಕ್ಷಿ ಸುಗ್ಗಿ. ವೈನ್ ಸೀಸೆಯ ಮೇಲೆ ಆ ಮಾತು ಸೂಚಿಸುವುದು ಹಳತನವನ್ನಲ್ಲ, ಯಾವ ವರ್ಷದ ಸುಗ್ಗಿ ಎಂಬುದನ್ನು. ಜೊತೆಗೆ ಯಾವ ತೋಟದ್ದು ಎಂಬುದನ್ನೂ ಬರೆಯುತ್ತಾರೆ. ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ನೀಲಿ ದ್ರಾಕ್ಷಿ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಂದು ವರ್ಷದ ಹಣ್ಣು ಇನ್ನೊಂದು ವರ್ಷದ್ದರಂತೆ ಇರುವುದಿಲ್ಲ. ಈ ಮಾತು ದ್ರಾಕ್ಷಿಯಿಂದ ಕಾರಿಗೆ ಹಾರಿತು. 1934ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ವಿಂಟೇಜ್ ಸ್ಪೋರ್ಟ್ಸ್ ಕಾರ್ ಕ್ಲಬ್ಬಿನವರಿಗೆ ವಿಂಟೇಜ್ ಎಂದರೆ 1930ರ ಕೊನೆಯೊಳಗೆ ತಯಾರಾದ ಕಾರು. ಆಗ ಆ ಕಾರುಗಳಿಗೆ ಹೆಚ್ಚು ವಯಸ್ಸೇನೂ ಆಗಿರಲಿಲ್ಲ. ಒಳ್ಳೆಯ ಕೆಲಸದ ಕಾಲ ಮುಗಿಯಿತು ಎಂಬ ಸಂಕಟದಿಂದ ಎಳೆದ ಗೆರೆ ಅದು.

ಸ್ಟೀರಿಯೊ ಪ್ರಪಂಚದಲ್ಲೂ ಅಂಥ ಒಂದು ಗೆರೆ ಇದೆ. ಹಳೆಯ ಆಡಿಯೊ ಹುಚ್ಚಿನವರು ಎಪ್ಪತ್ತರ ದಶಕ ಎಂದರೆ ಕಣ್ಣರಳಿಸುತ್ತಾರೆ. ಅದಕ್ಕೆ ಕಿವಿಯಷ್ಟೇ ಕಾರಣವಲ್ಲ, ಒಂದು ಸರ್ಕಾರಿ ನಿಯಮವೂ ಕಾರಣ. ಅಮೆರಿಕದಲ್ಲಿ ಕಂಪನಿಗಳು ಬಾಯಿಗೆ ಬಂದಷ್ಟು ವಾಟ್ ಹೇಳಿ ಮಾರುತ್ತಿದ್ದಾಗ, ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಸತತವಾಗಿ ಎಷ್ಟು ಕೊಡುತ್ತದೋ ಅಷ್ಟನ್ನೇ ಬರೆಯಬೇಕು ಎಂದಿತು. ಸುಳ್ಳು ಹೇಳುವ ದಾರಿ ಮುಚ್ಚಿದ ಮೇಲೆ ಉಳಿದದ್ದು ನಿಜವಾಗಿಯೂ ದೊಡ್ಡದು ಮಾಡುವ ದಾರಿ. ದಪ್ಪ ಟ್ರಾನ್ಸ್‌ಫಾರ್ಮರು, ಅಗಲದ ಹೀಟ್ ಸಿಂಕು. 1976ರ ಪಯನೀರ್ ಎಸ್‌ಎಕ್ಸ್-1250 ಒಂದೊಂದು ಕಡೆಗೂ 160 ವಾಟ್ ಕೊಟ್ಟರೆ, ಎರಡೇ ವರ್ಷದಲ್ಲಿ ಬಂದ ಎಸ್‌ಎಕ್ಸ್-1980 ಕೊಟ್ಟದ್ದು 270 ವಾಟ್. ತೂಕ 35 ಕಿಲೋ. ಅಂಥದ್ದು ಮತ್ತೆ ಯಾರೂ ಮಾಡದ ಕಾರಣ ಅದು ವಿಂಟೇಜ್. ಟೆಕ್ನಿಕ್ಸ್ ಕಂಪನಿಯ ಎಸ್‌ಎಲ್-1200 ಟರ್ನ್‌ಟೇಬಲ್ ಈ ವಾದಕ್ಕೆ ಚೆನ್ನಾಗಿ ಕಾಲು ಕೊಡುತ್ತದೆ. 1972ರಲ್ಲಿ ಹುಟ್ಟಿ, 2010ರಲ್ಲಿ ನಿಂತು, 2016ರಲ್ಲಿ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮರಳಿ ಬಂತು. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವುದು ವಿಂಟೇಜ್ ಎಂದು ಹೇಳಲು ಕೊನೆಗೆ ತಳಭಾಗದ ನಂಬರನ್ನೇ ನೋಡಬೇಕು.

ನಮ್ಮಲ್ಲಿ ಈ ಕಥೆ ಹಾಗೆ ನಡೆಯಲಿಲ್ಲ. ಆಮದಿಗೆ ಕಟ್ಟುನಿಟ್ಟು ಇದ್ದ ಆ ದಶಕಗಳಲ್ಲಿ ಪಯನೀರ್, ಮರಾಂಟ್ಸ್ ಹೆಸರುಗಳನ್ನು ನೋಡಿದವರು ಹೊರದೇಶದ ನಂಟಿದ್ದವರು ಮಾತ್ರ. ಉಳಿದವರಿಗೆ ಎಚ್‌ಎಂವಿ ಫಿಯೆಸ್ಟಾದಂಥ ಪೆಟ್ಟಿಗೆ, ಮರ್ಫಿ, ಬುಷ್, ಫಿಲಿಪ್ಸ್ ರೇಡಿಯೊ, ಆಮೇಲೆ ಬಿಪಿಎಲ್-ಸ್ಯಾನ್ಯೊ ಟೂ ಇನ್ ಒನ್. ಮನೆಯಲ್ಲಿ ಸ್ಟೀರಿಯೊ ಕೇಳಬೇಕೆಂಬ ಹಟ ಇದ್ದು ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿಯಲು ಬರುವವರು ಎಸ್.ಪಿ. ರೋಡಿಗೆ ಹೋಗಿ ಬಿಡಿಭಾಗ ತಂದು ತಾವೇ ಕಟ್ಟಿಕೊಂಡರು. ನಮ್ಮ ದೊಡ್ಡಪ್ಪ ಅಂಥವರಲ್ಲೊಬ್ಬ. 1968ರಲ್ಲಿ ಜಾಲಹಳ್ಳಿಯ ಬಿಇಎಲ್‌ಗೆ ಸೇರಿದವನು. ದಿನಾ ಹೆಬ್ಬಾಳದವರೆಗೆ ಸೈಕಲ್ಲು, ಅಲ್ಲಿಂದ ಫ್ಯಾಕ್ಟರಿ ಬಸ್ಸು.

ಭಾರತ್ ಎಲೆಕ್ಟ್ರಾನಿಕ್ಸ್ ಎಂದರೆ ಇವತ್ತು ರೇಡಾರು, ಮತಯಂತ್ರ ಅಷ್ಟೇ ನೆನಪಾಗುತ್ತವೆ. 1954ರಲ್ಲಿ ರಕ್ಷಣಾ ಇಲಾಖೆಗಾಗಿ ಹುಟ್ಟಿದ ಈ ಕಾರ್ಖಾನೆ 1961ರಲ್ಲಿ ರಿಸೀವಿಂಗ್ ವಾಲ್ವುಗಳನ್ನು, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು, 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರುಗಳನ್ನು ಮಾಡತೊಡಗಿತು. ಅಂದರೆ ಹಾಡನ್ನು ಗಾಳಿಗೆ ಬಿಡುವ ಯಂತ್ರವೂ ಅದನ್ನು ಮನೆಯಲ್ಲಿ ಹಿಡಿಯುವ ರೇಡಿಯೊದ ಬಿಡಿಭಾಗವೂ ಜಾಲಹಳ್ಳಿಯಲ್ಲೇ ತಯಾರಾದ ಕಾಲವೊಂದಿತ್ತು. ಇಎಲ್84 ಎಂಬ ಒಂಬತ್ತು ಕಾಲಿನ ಪುಟ್ಟ ವಾಲ್ವು, ಇಂಗ್ಲೆಂಡಿನ ವಾಕ್ಸ್ ಎಸಿ30 ಗಿಟಾರ್ ಆಂಪ್ಲಿಫೈಯರಿನಲ್ಲಿ ನಾಲ್ಕು ಕೂತಿರುತ್ತವಲ್ಲ, ಅದೇ ವಾಲ್ವು ಬಿಇಎಲ್ ಮುದ್ರೆಯಲ್ಲೂ ಬಂತು. ಗಿಟಾರಿನ ಫಜ್ ಪೆಡಲ್ ಮಾಡುವವರು ಎಸಿ128 ಎಂಬ ಬಿಇಎಲ್ ಟ್ರಾನ್ಸಿಸ್ಟರನ್ನು ಈಗಲೂ ಹುಡುಕುತ್ತಾರೆ. ಪಕ್ಕದ ಎಚ್‌ಎಂಟಿಯ ಕೈಗಡಿಯಾರಕ್ಕೂ ಇದೇ ಪುನರ್ಜನ್ಮ ಸಿಕ್ಕಿದೆ. ಅಲ್ಲಿ 2019ರಲ್ಲಿ ಒಂದು ಮ್ಯೂಸಿಯಮ್ಮೇ ಆಯಿತು. ಗಡಿಯಾರಕ್ಕೆ ಮುಖವಿದೆ, ಮುಖದ ಮೇಲೆ ಹೆಸರಿದೆ. ವಾಲ್ವು ಬೇರೆ ಪೆಟ್ಟಿಗೆಗಳ ಹೊಟ್ಟೆಯಲ್ಲಿ ಬದುಕಿ ಸಾಯುತ್ತದೆ.

ಕಾಗದದ ಮಾತು ಇಲ್ಲಿ ಬರಬೇಕು. ರೇಡಿಯೊ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ವರ್ಷಾವರ್ಷ ದುಡ್ಡು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳಬೇಕು. ಎಂಬತ್ತರ ದಶಕದ ನಡುವೆ ಅದು ರದ್ದಾಯಿತು. ಜನ ಬೈದುಕೊಂಡು ಕಟ್ಟಿದ ಆ ಪುಸ್ತಕಗಳು ಈಗ ನನ್ನಂಥವರಿಗೆ ದಾಖಲೆ. ಯಾರ ಮನೆಯಲ್ಲಿ ಯಾವ ರೇಡಿಯೊ ಎಂಬುದಕ್ಕೆ ಸರ್ಕಾರವೇ ಸಾಕ್ಷಿ. ಆದರೆ ಬರೀ ಆಂಪ್ಲಿಫೈಯರಿಗೆ ಲೈಸೆನ್ಸ್ ಬೇಕಿರಲಿಲ್ಲ, ಅದು ಗಾಳಿಯಿಂದ ಏನನ್ನೂ ಹಿಡಿಯುವುದಿಲ್ಲ. ಕಂಪನಿ ಇಲ್ಲದ್ದರಿಂದ ಬಿಲ್ಲಿಲ್ಲ, ಜಾಹೀರಾತಿಲ್ಲ, ಸೀರಿಯಲ್ ನಂಬರಿಲ್ಲ. ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಕೈಯಿಂದ ಕಟ್ಟಿದ ಇಂಥ ಪೆಟ್ಟಿಗೆಗಳು ಯಾವ ಕಡತಕ್ಕೂ ಸಿಗದೆ ಹಾಡಿ ಹೋದವು.

ನಮ್ಮ ಪೆಟ್ಟಿಗೆ ಒಂದು ಕಾಗದ ಇಟ್ಟುಕೊಂಡಿತ್ತು. ಕೆಳಗಿನ ಹಲಗೆ ಬಿಚ್ಚಿದಾಗ ಒಳಗೆ ನಾಲ್ಕು ಮಡಿಕೆಯ ಗ್ರಾಫ್ ಹಾಳೆ, ಪೆನ್ಸಿಲಿನಲ್ಲಿ ಬರೆದ ಸರ್ಕ್ಯೂಟ್. ಚಿಹ್ನೆ, ನಂಬರುಗಳೆಲ್ಲ ಇಂಗ್ಲಿಷಿನಲ್ಲಿ. ಎರಡು ಚಾನೆಲ್ಲುಗಳ ಹೆಸರು ಮಾತ್ರ ಕನ್ನಡದಲ್ಲಿ: ಮೇಲಿನದಕ್ಕೆ ಎಡ, ಕೆಳಗಿನದಕ್ಕೆ ಬಲ. ಮೂಲೆಯಲ್ಲಿ 'ತಣಿಸಂದ್ರ, 15-8-74'. ರಜೆಯ ದಿನ ಕೂತು ಮುಗಿಸಿರಬೇಕು. ಯಾವ ವರ್ಷ, ಯಾವ ತೋಟ, ಎರಡೂ ಸಿಕ್ಕಿದವು. ಅಮೆರಿಕದ ಆ ನಿಯಮ ಬಂದ ವರ್ಷವೂ ಅದೇ ಎಂದು ನನಗೆ ಆಮೇಲೆ ಹೊಳೆಯಿತು. ನಮ್ಮದರ ಸಾಮರ್ಥ್ಯ ಹೆಚ್ಚೆಂದರೆ ಒಂದೊಂದು ಕಡೆಗೆ ಐದು ವಾಟ್.

ಇದು ಕಾರಾಗಿದ್ದರೆ ಕಾನೂನೇ ಕೈಹಿಡಿಯುತ್ತಿತ್ತು. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಕಟ್ಟಿ ವಿಎ ಅಕ್ಷರಗಳ ವಿಂಟೇಜ್ ನಂಬರ್ ಪಡೆಯಬಹುದು. 2024ರ ಆಗಸ್ಟ್ 15ಕ್ಕೆ ನಮ್ಮ ಪೆಟ್ಟಿಗೆಗೂ ಐವತ್ತು ತುಂಬಿದೆ. ಆದರೆ ಅದೇ ನಿಯಮ ಚಾಸಿ, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಇರಬಾರದು ಎನ್ನುತ್ತದೆ. ಅಲ್ಲಿ ದೊಡ್ಡಪ್ಪ ಸಿಕ್ಕಿಬೀಳುತ್ತಾನೆ. 1978ರಲ್ಲಿ 'ನಿತ್ಯೋತ್ಸವ' ಬಂತು, ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರ ಸಂಗೀತ, ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್. ಅದನ್ನು ಕೇಳಲೆಂದೇ ಹಿಂದಿನ ಹಲಗೆಯಲ್ಲಿ ಇನ್ನೊಂದು ತೂತು ಕೊರೆದು ಕ್ಯಾಸೆಟ್ ಡೆಕ್ಕಿಗೆ ಸಾಕೆಟ್ ಕೂರಿಸಿದ. ಆಮೇಲೆ ಮೋಟಾರಿನ ಗುಂಯ್‌ಗುಡಿಕೆ ತಡೆಯಲು ಒಂದು ತಗಡು, ತಂಗಿಯ ಮದುವೆಗೆ ಮೈಕಿನ ಸಾಕೆಟ್ಟು. ಹಾಳೆಯಲ್ಲಿ ಒಂದೊಂದೂ ಬೇರೆ ಬೇರೆ ಶಾಯಿಯಲ್ಲಿ ಸೇರಿಕೊಂಡಿದೆ. ಸಂಗ್ರಾಹಕರ ಭಾಷೆಯಲ್ಲಿ ಇದು 'ಒರಿಜಿನಲ್ ಅಲ್ಲ'. ನನ್ನ ಮಟ್ಟಿಗೆ, ಬಳಸಿದವರ ಕೈಗುರುತಿಲ್ಲದ ಒರಿಜಿನಲ್ ಅಂದರೆ ಶೋಕೇಸಿನಲ್ಲಿ ಕೂತ ವಸ್ತು. ಇತಿಹಾಸಕ್ಕೆ ಅದರಿಂದ ಸಿಗುವುದು ಕಡಿಮೆ.

ಹೆಗಡೆ ನಗರದ ಕಡೆಯ ಗಲ್ಲಿಯೊಂದರಲ್ಲಿ ಮೈಕ್ ಸೆಟ್ಟುಗಳನ್ನು ರಿಪೇರಿ ಮಾಡುವ ಭಾಯ್ ಒಬ್ಬರಿದ್ದಾರೆ. ಗಣೇಶನ ಹಬ್ಬ, ಉರುಸು ಬಂದರೆ ಅವರಿಗೆ ಪುರುಸೊತ್ತಿಲ್ಲ. ಹಾಳೆಯನ್ನು ಬೆಳಕಿಗೆ ಹಿಡಿದು ಐದು ನಿಮಿಷ ಓದಿ, "ಚೆನ್ನಾಗಿ ಬರೆದವ್ರೆ, ಎಲ್ಲೂ ತಪ್ಪಿಲ್ಲ" ಅಂದರು. ನಾನು ಕೈ ಚಾಚಿದ್ದಕ್ಕೆ, "ಪ್ಲಗ್ ಹಾಕಿ ತೆಗೆದ್ರೆ ಮುಟ್ಟಬೇಡಿ ಮೇಡಂ, ಒಳಗೆ ಇನ್ನೂರೈವತ್ತು ಮುನ್ನೂರು ವೋಲ್ಟ್ ಕೂತಿರುತ್ತೆ" ಎಂದು ಗದರಿದರು. ವಾಲ್ವುಗಳಿಗೆ ಏನೂ ಆಗಿರಲಿಲ್ಲ. ಕೆಟ್ಟದ್ದು ಕೆಪಾಸಿಟರುಗಳು. ದೊಡ್ಡವುಗಳ ಒಳಗಿನ ದ್ರವ ಒಣಗಿತ್ತು. ಸಣ್ಣ ಕಾಗದದ ಕೆಪಾಸಿಟರು ಸೋರತೊಡಗಿದರೆ ತಪ್ಪು ವೋಲ್ಟೇಜು ಇಎಲ್84ಕ್ಕೆ ಹರಿದು ಅದು ಕೆಂಪಗೆ ಕಾದು ಸಾಯುತ್ತದಂತೆ. ಹಳೆಯ ಸೆಟ್ಟು ಸಿಕ್ಕಿದ ಖುಷಿಗೆ ನೇರ ಪ್ಲಗ್ ಹಾಕಿ ಕೊಂದವರೇ ಹೆಚ್ಚು ಎಂದರು. ಸ್ಪೀಕರುಗಳೂ ಉಳಿದಿದ್ದವು, ಅವುಗಳ ಅಂಚು ಕಾಗದದ್ದು. ಎಂಬತ್ತರ ನಂತರದ ಫೋಮ್ ಅಂಚಿನ ಸ್ಪೀಕರುಗಳು ಇಪ್ಪತ್ತು ವರ್ಷಕ್ಕೆ ಪುಡಿಯಾಗುತ್ತವೆ, ಕ್ಯಾಸೆಟ್ ಡೆಕ್ಕಿನ ಬೆಲ್ಟು ಡಾಂಬರಾಗುತ್ತದೆ. ಹಿರಿಯದು ಗಟ್ಟಿ, ಕಿರಿಯದು ಜೊಳ್ಳು.

ಸೀರೀಸ್ ಬಲ್ಬಿನ ಮೂಲಕ ನಿಧಾನ ಕರೆಂಟು ಕೊಟ್ಟು, ಒಂಬತ್ತು ಕೆಪಾಸಿಟರು ಬದಲಿಸಿದರು. ಈಗ ಅದು ಎಷ್ಟು ವಿಂಟೇಜ್ ಉಳಿಯಿತೋ ಸಂಗ್ರಾಹಕರು ಹೇಳಲಿ. ತೆಗೆದ ಒಂಬತ್ತನ್ನೂ ಕವರಿನಲ್ಲಿ ಹಾಕಿಕೊಟ್ಟರು. ಹಾಳೆಯ ಮೂಲೆಯಲ್ಲಿ ಅವರ ಕೈಯಿಂದಲೇ ಆ ದಿನದ ತಾರೀಖು ಬರೆಸಿಕೊಂಡೆ.

ದೊಡ್ಡಮ್ಮ ಈಗ ನಮ್ಮ ಜೊತೆ ಬಾಡಿಗೆ ಮನೆಯಲ್ಲಿದ್ದಾಳೆ. ಪೆಟ್ಟಿಗೆ ಅಲ್ಲೇ ಕಿಟಕಿಯ ಪಕ್ಕ ಕೂತಿತು. ವಾಲ್ವು ಕಾಯಲು ಅರ್ಧ ನಿಮಿಷ. ಹಾಡು ಬಂದಾಗ ಎಡಗಡೆಯ ದನಿ ಸ್ವಲ್ಪ ಕುಗ್ಗಿದಂತಿತ್ತು. ಕೂರಿಸಲು ಬಂದಿದ್ದ ಭಾಯ್ ಸ್ಕ್ರೂಡ್ರೈವರ್ ಎತ್ತಿಕೊಂಡರು.

"ಅದು ಮೊದಲಿಂದ್ಲೂ ಹಂಗೇ," ಅಂದಳು ದೊಡ್ಡಮ್ಮ. "ಅವರಿಗೆ ಬಲಗಿವಿ ಮಂದ, ಅದಕ್ಕೇ ಬಲಗಡೆ ಜಾಸ್ತಿ ಇಟ್ಟಿದ್ರು."

"ಸರಿ ಮಾಡ್ಲಾ ಅಮ್ಮ?"

"ಬೇಡ ಬಿಡಪ್ಪ. ಕಾಫಿ ಕುಡಿದು ಹೋಗು."